ಎಡಬಾಯಿಯ ಚಿಪ್ಪುಗಳು

ಮಾರ್ಚ್ 3

ಬೆಳಗಿನಿಂದ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಕೂತಿದ್ದೆ. ನಿನ್ನೆ ಕೆರೆಯಿಂದ ತಂದ ಬಸವನಹುಳುಗಳು, ಒಂದೊಂದೂ ಸಾಸಿವೆ ಕಾಳಿನಷ್ಟು. ಚಿಪ್ಪಿನ ತುದಿ ಮೇಲೆ ಮಾಡಿ ಹಿಡಿದರೆ ಬಾಯಿ ಎಡಕ್ಕೆ. ಎಡಬಾಯಿಯವು ಇಲ್ಲಿ ಎರಡು ಜಾತಿ. ಒಂದು ಸಾಧು. ಇನ್ನೊಂದು ಮೈಯೊಳಗೆ ರೋಗದ ಹುಳು ಸಾಕುತ್ತದೆ. ಆ ಹುಳು ನೀರಿಗಿಳಿದವರ ಚರ್ಮ ತೂರಿ ರಕ್ತ ಸೇರುತ್ತದೆ. ಇವು ಸಾಧು. ನಿನ್ನೆ ದಡದಲ್ಲೇ ಲೆನ್ಸಿನಲ್ಲಿ ನೋಡಿ ಹೇಳಿದ್ದೆ. ಆಮೇಲೆಯೇ ಗುಬ್ಬಿಯನ್ನು ಜರಡಿ ಕೊಟ್ಟು ನೀರಿಗಿಳಿಸಿದ್ದು. ಎಂಟು ವರ್ಷಕ್ಕೇ ನನಗಿಂತ ಚುರುಕು, ನನ್ನ ಮಗಳು!

ಪಕ್ಕದ ಕೋಣೆಯ ಡಿಎನ್ಎ ಮೇಡಂ, "ನಾನೂ ಒಂದ್ಸಲ ನೋಡ್ತೀನಿ ಸರ್" ಅಂದರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ?" ಅಂದೆ. ನಕ್ಕು, ಕೆಲವನ್ನು ಟ್ಯೂಬಿಗೆ ಹಾಕಿಕೊಂಡು ಹೋದರು.

ಮಾರ್ಚ್ 5

ಗುಬ್ಬಿಯ ಕಾಲಲ್ಲಿ ಕೆಂಪು ಗುಳ್ಳೆ, ಕೆರೆತ. ಸೊಳ್ಳೆ ಅಂದಳು ಹೆಂಡತಿ. ಸೊಳ್ಳೆಯೇ ಇರಬೇಕು.

ಮಾರ್ಚ್ 24

ಮೇಡಂ ಬಾಗಿಲಲ್ಲೇ ನಿಂತರು. "ಸರ್, ಮೂರು ಸಲ ಟೆಸ್ಟ್ ಮಾಡ್ದೆ. ಮೂರು ಸಲಾನೂ ಆ ಇನ್ನೊಂದು ಜಾತೀನೇ."

ಮತ್ತೆ ಚಿಪ್ಪುಗಳನ್ನು ನೋಡಿದೆ. ಸುರುಳಿ ಪೂರ್ತಿ ಸುತ್ತಿಲ್ಲ. ಎಲ್ಲ ಮರಿಗಳು. ಮರಿಗಳಲ್ಲಿ ಎರಡೂ ಜಾತಿ ಒಂದೇ ಥರ, ಚಿಪ್ಪು ನೋಡಿ ಹೇಳಲಾಗದು... ವರ್ಷವರ್ಷವೂ ನಾನೇ ಮಾಡುವ ಪಾಠ ಇದು.

"ರೋಗದ ಹುಳು?" ಅಂದೆ.

"ಅದರ ಡಿಎನ್ಎನೂ ಸಿಕ್ತು ಸರ್."



ಅದೇ ದಿನ, ಸಂಜೆ

ಹೆಂಡತಿಗೆ ಹೇಳಿದೆ. ಕೂಗಾಡಲಿಲ್ಲ. ಗುಬ್ಬಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ 25

ಡಾಕ್ಟರು: "ಮಾತ್ರೆ ಇದೆ ರೀ. ಆದ್ರೆ ಎಳೇ ಹುಳಕ್ಕೆ ನಾಟಲ್ಲ. ಅದು ಬೆಳೀಬೇಕು. ಒಂದಿಷ್ಟು ದಿನ ಕಾಯ್ರಿ."

ಹುಳು ಬೆಳೆಯಲಿ ಎಂದು ಕಾಯುವುದು. ನನ್ನ ಮಗಳ ಮೈಯಲ್ಲಿ. ಕೆರೆಗೆ ಬೇಲಿ ಹಾಕಿಸಿದೆ. ಗುಬ್ಬಿಗೂ ಹೇಳಿದೆ, ಆ ಕಡೆ ಹೋಗಬೇಡ ಅಂತ. ತಲೆಯಾಡಿಸಿದಳು. ಅವಳಿಗೆ ಕೇಳಿಸದ ಹಾಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 9

ಗುಬ್ಬಿಗೆ ಜ್ವರ, ಕೆಮ್ಮು. ಡಾಕ್ಟರು ನಾಳೆ ಬೆಳಗ್ಗೆಯೇ ಕರೆತರಲು ಹೇಳಿದ್ದಾರೆ. ಪಕ್ಕದ ಮನೆ ಹುಡುಗಿಗೂ ಜ್ವರವಂತೆ. ಹೆಂಡತಿ ಹೇಳಿದಳು. ಗುಬ್ಬಿಯ ಪಕ್ಕ ಕೂತು ಮೆಲ್ಲಗೆ ಕೇಳಿದೆ. ಬೇಲಿಗೆ ಮುಂಚೆ... ಆ ಕೆರೆಗೆ ಮತ್ತೆ ಹೋಗಿದ್ದೆಯಾ?

"ಹೂಂ ಅಪ್ಪಾ. ದಿನಾ, ಸ್ಕೂಲ್ ಬಿಟ್ಮೇಲೆ. ಎಲ್ರನ್ನೂ ಕರ್ಕೊಂಡು ಹೋಗ್ತಿದ್ದೆ."

"ಅವ್ರೂ ನೀರಿಗಿಳಿದ್ರಾ?"

"ಮೊದ್ಲು ಹೆದರ್ಕೊಂಡ್ರು. ನಾನೇ ಹೇಳ್ದೆ, ನಮ್ಮಪ್ಪ ನೋಡಿದಾರೆ, ಅವು ಒಳ್ಳೆ ಹುಳ ಅಂತ."

ಯಾರ್ಯಾರು ಪುಟ್ಟಾ, ಹೇಳು, ಇದರಲ್ಲೇ ಬರೆದುಕೊಳ್ಳುತ್ತೇನೆ ಅಂದೆ. ಹೊದಿಕೆಯಿಂದ ಕೈ ಹೊರಗೆ ತೆಗೆದು ಬೆರಳು ಮಡಚತೊಡಗಿದಳು. ಒಂದು ಕೈ ಮುಗಿಯಿತು. ಇನ್ನೊಂದೂ.

"ನಂದು ಮುಗೀತು. ನಿನ್ ಕೈ ಕೊಡಪ್ಪಾ."

ಎಡಗೈ ಕೊಟ್ಟೆ. ಸುಡುವ ಬೆರಳುಗಳು. ಅದೂ ಮುಗಿಯಿತು. ಈಗ ಪೆನ್ನು ಹಿಡಿದ ಕೈ ಕೇಳುತ್ತಿ—