ಬಲಗಡೆಯ ತುಂಡು

ಏಪ್ರಿಲ್ 8, 2014. ಮಂಗಳವಾರ

ಮತ್ತೊಂದು ಲ್ಯಾಪ್‌ಟಾಪ್. ಅಂಚೆ ಕಚೇರಿ ಹಿಂದಿನ ಔಷಧಿ ಅಂಗಡಿಯವನದು. ಕಪ್ಪು ಪರದೆ, ಮೂಲೆಯಲ್ಲಿ ಒಂದು ಗೆರೆ ಮಿಟುಕುತ್ತಾ ಕೂತಿದೆ. ಮುಖ ಸಣ್ಣಗೆ ಮಾಡಿಕೊಂಡು ಕೇಳಿದ, "ಹೋಗೇಬಿಡ್ತಾ ಹಮ್ಮಾದಿ?"

ಹೋಗಿಲ್ಲ. ಬಾಗಿಲು ಕಾಯುವವನು ಓಡಿಹೋಗಿದ್ದಾನೆ, ಅಷ್ಟೇ ಅಂದೆ. ಕಂಪ್ಯೂಟರ್ ಎದ್ದ ತಕ್ಷಣ ಅದಕ್ಕೆ ತಾನು ಯಾರೆಂದೇ ಗೊತ್ತಿರುವುದಿಲ್ಲ. ಬೂಟ್ ಲೋಡರ್ ಅಂತ ಒಬ್ಬ ಸಣ್ಣವನು ಕೈ ಹಿಡಿದು, ಬಾ, ನಿನ್ನ ಮನೆ ಇಲ್ಲಿದೆ ಅಂತ ಒಳಗೆ ಕರೆದುಕೊಂಡು ಹೋಗಬೇಕು. ಅವನಿಲ್ಲದಿದ್ದರೆ ಮನೆ ಇದ್ದೂ ಬೀದಿಪಾಲು. ಈ ಮಾತು ಹೇಳಿದಾಗಲೆಲ್ಲ ಗಿರಾಕಿಗಳು ತಲೆದೂಗುತ್ತಾರೆ. ನನಗೂ ಪ್ರತಿ ಸಲ ಹೊಸದಾಗಿ ಕೇಳಿಸುತ್ತದೆ.

ಚಹಾ ಆರುವ ಮೊದಲೇ ಎಬ್ಬಿಸಿ ಕೊಟ್ಟೆ. ಇಡೀ ನಾಬುಲ್ ಊರಲ್ಲಿ ಇಷ್ಟು ಬೇಗ ಮಾಡುವ ಕೈ ಇನ್ನೊಂದಿಲ್ಲ. ಇದ್ದರೂ ನಾನು ನೋಡಿಲ್ಲ.

ಇವತ್ತಿನಿಂದ ವಿಂಡೋಸ್ ಎಕ್ಸ್‌ಪಿಗೆ ಕಂಪನಿ ಕಡೆಯ ರಿಪೇರಿ ನಿಂತಿತಂತೆ. ಮಧ್ಯಾಹ್ನದ ಬಾಂಗ್ ಆಗುತ್ತಲೇ ಊರಿನ ಎಲ್ಲಾ ಎಕ್ಸ್‌ಪಿ ತಾನಾಗಿ ಆರಿಹೋಗುತ್ತದೆ ಅಂತ ಬೀದಿಯಲ್ಲಿ ಸುದ್ದಿ. ಯಾರು ಹಬ್ಬಿಸಿದರೋ. ಪಕ್ಕದ ಮಳಿಗೆಯ ಲಸ್ಸಾದ್, ಮೊಬೈಲ್ ಕವರ್ ಮಾರುವವನು, ನನ್ನನ್ನೇ ನೋಡಿದ. ನಾನು ಆಕಾಶ ನೋಡಿದೆ.

ಏಪ್ರಿಲ್ 11, ಶುಕ್ರವಾರ

ಸಂತೆಯ ದಿನ. ಆ ಗದ್ದಲದಲ್ಲಿ ಮನ್ನೂಬಿಯಾ ಅತ್ತಿಗೆಯ ಫೋನು. ಕರೆಂಟು ಹೋಗಿ ಬಂತಂತೆ, ಕಸೂತಿ ಯಂತ್ರ ನಡೆಸುವ ಕಂಪ್ಯೂಟರು ಏಳುತ್ತಿಲ್ಲ.

ಹೋದೆ. ಅಂಗಳದ ತುಂಬ ಬಿಳಿ ಬಟ್ಟೆ ಹಾಸಿ, ಹೂನೀರು ಬಟ್ಟಿ ಇಳಿಸಲು ಕಿತ್ತಳೆ ಹೂವು ಹರವಿದ್ದಾರೆ, ಕಾಲಿಡಲು ಜಾಗವಿಲ್ಲ. ಅಣ್ಣ ತಿಜಾನಿ ಮೀನಿನ ದೋಣಿಯ ಮೇಲೆ, ಕೆಲಿಬಿಯಾ ಕಡೆಯ ಸಮುದ್ರದಲ್ಲಿ. ಅತ್ತಿಗೆ ಯಂತ್ರದ ಮುಂದೆ ಕೈಕಟ್ಟಿ ಕೂತಿದ್ದರು. ಚೌಕಟ್ಟಿನಲ್ಲಿ ಯಾರೋ ಮದುವಣಗಿತ್ತಿಯ ಅಂಗಿಯ ತೋಳು ಅರ್ಧಕ್ಕೆ ನಿಂತಿದೆ.

ಪರದೆಯಲ್ಲಿ ಒಂದೇ ಸಾಲು, NTLDR ಇಲ್ಲ ಅಂತ. ಎಕ್ಸ್‌ಪಿಯ ಬಾಗಿಲು ಕಾಯುವವನ ಹೆಸರು ಅದು. ಸಿಡಿಯಿಂದ ಎರಡು ಫೈಲು ತಂದು ಅಲ್ಲಿ ಕೂರಿಸಿದರೆ ಮುಗಿಯಿತು. ಹಾಗೆಯೇ ಮಾಡಿದೆ. ಎದ್ದಿತು. ಅತ್ತಿಗೆ ಕಟ್ಟಿದ ಕೈ ಬಿಚ್ಚಿದರು.

ಅಲ್ಲಿಗೆ ಎದ್ದು ಬರಬೇಕಿತ್ತು. ಆದರೆ ನಾನು, "ಅತ್ತಿಗೆ, ಈ ಎಕ್ಸ್‌ಪಿ ಇನ್ನು ಮುದುಕ. ಇದರ ಪಕ್ಕದಲ್ಲೇ ಲಿನಕ್ಸ್ ಅಂತ ಒಂದು ಹೊಸ ವ್ಯವಸ್ಥೆ ಹಾಕಿಕೊಡ್ತೀನಿ. ಪೂರ್ತಿ ಅರಬ್ಬಿಯಲ್ಲಿ. ನೀವೇ ಓದಬಹುದು, ಓದಿಸೋಕೆ ಮಗಳು ಇನಾಸಳನ್ನ ಕರೆಯೋದು ಬೇಡ" ಅಂದೆ.

"ನನ್ನ ಚಿತ್ತಾರಗಳು?"

"ಇದ್ದಲ್ಲೇ ಇರ್ತವೆ. ಆನ್ ಮಾಡಿದ ಕೂಡಲೇ ಕೇಳುತ್ತೆ, ಹಳೆ ಮನೆಗೆ ಹೋಗ್ತೀರೋ ಹೊಸ ಮನೆಗೋ ಅಂತ."

"ಬೇರೆ ಕಡೆ ನಕಲು ಇಟ್ಕೊಬೇಕಾ?"

"ಇಟ್ಕೊಂಡ್ರೆ ಒಳ್ಳೇದು."

"ಬೇಡ" ಅಂದರು. ಅವರ ಉತ್ತರ ನನಗೆ ಮೊದಲೇ ಗೊತ್ತಿತ್ತು. ಇಲ್ಲಿ ಒಂದೊಂದು ಮನೆಯ ಕಸೂತಿ ಆ ಮನೆಯದೇ. ಇಂಥ ಎದೆಪಟ್ಟಿ ಇಂಥವರ ಮನೆಯದು ಅಂತ ಮದುವೆಯಲ್ಲಿ ದೂರದಿಂದಲೇ ಹೇಳುತ್ತಾರೆ. ಪೆನ್‌ಡ್ರೈವಿಗೆ ಹಾಕಿದ್ದು ಯಾರ ಜೇಬಿಗಾದರೂ ಹೋಗುತ್ತದೆ ಅಂತ ಅತ್ತಿಗೆ ಇವತ್ತಿನವರೆಗೂ ಒಂದು ನಕಲನ್ನೂ ಮಾಡಿಲ್ಲ.

ಕಂಪ್ಯೂಟರಿನ ಒಳಗೆ ಇರುವ ಚಿತ್ತಾರಗಳಲ್ಲಿ ಒಂದು ಮಾತ್ರ ಬೇರೆ. ಅವರ ತಾಯಿಯ ಮದುವೆ ಅಂಗಿಯ ಎದೆಪಟ್ಟಿ. ಊರಿನ ಎಷ್ಟೋ ಮದುವಣಗಿತ್ತಿಯರು ಎರವಲು ತೊಟ್ಟು ತೊಟ್ಟು ಅಂಗಿ ಜೀರ್ಣವಾಯಿತು. ಕೊನೆಗೆ ಬೆಳ್ಳಿದಾರ ಸುಟ್ಟು, ಬೆಳ್ಳಿ ಮಾರಿ, ಆ ದುಡ್ಡಿನಲ್ಲೇ ಈ ಯಂತ್ರ ಕೊಂಡರು. ಸುಡುವ ಮೊದಲು ಅತ್ತಿಗೆ ಒಂದು ಚಳಿಗಾಲವಿಡೀ ಕೂತು ಎದೆಪಟ್ಟಿಯ ಒಂದೊಂದು ಹೊಲಿಗೆಯನ್ನೂ ಮನೆಯಲ್ಲಿ ಮೊದಲೇ ಇದ್ದ ಈ ಕಂಪ್ಯೂಟರಿಗೆ ಏರಿಸಿದ್ದರು. ಮಗಳು ಇನಾಸಳ ಮದುವೆ ಜೂನಿನಲ್ಲಿ. ಅವಳ ಎದೆಯ ಮೇಲೆ ಅದೇ ಬರಬೇಕು.

ಏಪ್ರಿಲ್ 13, ಭಾನುವಾರ

ಹಾಕಿದೆ. ಸೊಗಸಾಗಿ ಬಂತು.

ಶುರುವಿನಲ್ಲಿ ಭಾಷೆ ಕೇಳಿತು. ನಾನು ಯಾವಾಗಲೂ ಫ್ರೆಂಚು ಒತ್ತುವವನು. ಇವತ್ತು ಅತ್ತಿಗೆ ಪಕ್ಕದಲ್ಲಿದ್ದರಲ್ಲ, ಅರಬ್ಬಿ ಒತ್ತಿದೆ. ಡಿಸ್ಕಿನ ಚಿತ್ರ ಬಂತು, ಉದ್ದನೆಯ ಪಟ್ಟಿ, ಎರಡು ತುಂಡು. ಒಂದರಲ್ಲಿ ಎಕ್ಸ್‌ಪಿ, ಇನ್ನೊಂದು ಖಾಲಿ. ಖಾಲಿಯದು ಬಲಗಡೆಯದು. ಅದನ್ನು ಒತ್ತಿ, ಹೂಂ ಅಂದೆ.

"ಕೆಳಗೆ ಏನೋ ಸಣ್ಣ ಅಕ್ಷರ ಇದೆ ಚಿಕ್ಕಪ್ಪ, ಓದೋದಿಲ್ವಾ?" ಅಂತ ಇನಾಸ್.

"ಅಕ್ಷರ ಓದೋದು ಕಲಿಯೋರು. ನನ್ನ ಬೆರಳಿಗೇ ಗೊತ್ತು."

ಅತ್ತಿಗೆ ನಕ್ಕರು. ಮೀನಿನ ಕುಸ್‌ಕುಸ್ ಮಾಡಿದ್ದರು, ಎರಡು ಸಲ ಹಾಕಿಸಿಕೊಂಡೆ.

ಏಪ್ರಿಲ್ 14, ಸೋಮವಾರ

ಆನ್ ಮಾಡಿದರೆ ಹೊಸ ಮನೆ ಮಾತ್ರ ಬರುತ್ತಿದೆಯಂತೆ. ಹಳೆ ಮನೆಯ ಹೆಸರೇ ಪಟ್ಟಿಯಲ್ಲಿಲ್ಲ.

ಇದೆಲ್ಲ ಮಾಮೂಲು. ಬಾಗಿಲು ಕಾಯುವವನು ಹೊಸಬ, ಹಳೆ ಮನೆಯ ಪರಿಚಯವಿಲ್ಲ. ಹುಡುಕಿ ನೋಡು ಅಂತ ಒಂದು ಆಜ್ಞೆ ಕೊಡಬೇಕು. ಸಂಜೆ ಹೋಗಿ ಕೊಟ್ಟೆ. ಹುಡುಕಿದ. ಸಿಗಲಿಲ್ಲ ಅಂದ.

"ನಾಳೆ" ಅಂದೆ ಅತ್ತಿಗೆಗೆ.

ಏಪ್ರಿಲ್ 19, ಶನಿವಾರ

ವಾರವಿಡೀ ಸಂಜೆಗಳು ಅಲ್ಲೇ. ಬೂಟ್ ಲೋಡರನ್ನು ತೆಗೆದು ಮತ್ತೆ ಹಾಕಿದೆ. ಬೇರೆಯದು ಹಾಕಿದೆ. ಎಕ್ಸ್‌ಪಿಯ ಹೆಸರನ್ನು ನಾನೇ ಕೈಯಾರೆ ಪಟ್ಟಿಯಲ್ಲಿ ಬರೆದೆ. ಹೆಸರು ಬಂತು, ಒತ್ತಿದರೆ ಕಪ್ಪು ಪರದೆ.

ಅತ್ತಿಗೆ ನಿಂತ ತೋಳನ್ನು ಕೈಯಿಂದಲೇ ಮುಗಿಸುತ್ತಿದ್ದಾರೆ. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಸದ್ದಿಲ್ಲ ಅಂತ, ಹೊಸ ವ್ಯವಸ್ಥೆ ಎಷ್ಟು ಚುರುಕು ಅಂತ ತೋರಿಸಲು, ನಾನೇ ಕಂಪ್ಯೂಟರಿಗೆ ಹಾಡು ತುಂಬಿದೆ. ಸಿನಿಮಾ ತುಂಬಿದೆ. ಫುಟ್‌ಬಾಲ್ ಪಂದ್ಯಗಳನ್ನೂ. ಒಂದು ಸಿನಿಮಾಕ್ಕೆ ಇನಾಸ್ ನಕ್ಕಳು. ಅತ್ತಿಗೆ ಎದ್ದು ಒಳಗೆ ಹೋದರು.

ಏಪ್ರಿಲ್ 29, ಮಂಗಳವಾರ

ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಇವತ್ತು ಬರೆಯಬೇಕು.

ಅಂಗಡಿಗೆ ಹಮ್ಮಾಮೆತ್‌ನ ಹೋಟೆಲಿನವನೊಬ್ಬ ಬಂದಿದ್ದ, ಹಾಗೆಯೇ ಎರಡು ವ್ಯವಸ್ಥೆ ಬೇಕು ಅಂತ. ಅರಬ್ಬಿಯೋ ಫ್ರೆಂಚೋ ಅಂದೆ. ಫ್ರೆಂಚು ಅಂದವನು ಡಿಸ್ಕಿನ ಚಿತ್ರದವರೆಗೂ ಬಂದ ಮೇಲೆ ಮನಸ್ಸು ಬದಲಿಸಿದ, ಅರಬ್ಬಿಯೇ ಇರಲಿ ಅಂತ. ಹಿಂದೆ ಹೋಗಿ ಅರಬ್ಬಿ ಒತ್ತಿ ಮತ್ತೆ ಬಂದೆ.

ಪಟ್ಟಿ ತಿರುಗಿಕೊಂಡಿತ್ತು. ಎಡಗಡೆ ಇದ್ದ ವಿಂಡೋಸ್ ಬಲಗಡೆಗೆ ಬಂದು ಕೂತಿತ್ತು.

ಮತ್ತೆ ಫ್ರೆಂಚಿಗೆ ಹೋದೆ. ಎಡಕ್ಕೆ ಬಂತು. ಅರಬ್ಬಿಗೆ ಹೋದೆ. ಬಲಕ್ಕೆ.

ಅರಬ್ಬಿ ಬಲದಿಂದ ಎಡಕ್ಕೆ ಓದುತ್ತದೆ. ಚಿತ್ರವೂ ಹಾಗೇ ಬಲದಿಂದ ಶುರುವಾಗುತ್ತದೆ. ನಾನು ಹುಟ್ಟಿದ್ದು ಈ ಭಾಷೆಯಲ್ಲಿ, ಬೈಸಿಕೊಂಡದ್ದು ಈ ಭಾಷೆಯಲ್ಲಿ. ಕಂಪ್ಯೂಟರು ಮಾತ್ರ ಫ್ರೆಂಚಿನಲ್ಲಿ ಕಲಿತೆ, ಬೆರಳು ಆ ಕಡೆಯಿಂದಲೇ ಲೆಕ್ಕ ಹಿಡಿಯುತ್ತದೆ. ಮೊದಲ ತುಂಡು ಎಡಗಡೆ, ಖಾಲಿ ತುಂಡು ಬಲಗಡೆ.

ಅಂದು ಬಲಗಡೆ ಇದ್ದದ್ದು ಎಕ್ಸ್‌ಪಿ.

ಲಸ್ಸಾದ್ ಬಗ್ಗಿ ನೋಡಿದ. "ಏನೋ, ಮುಖ ಹೀಗ್ಯಾಕಿದೆ? ದೆವ್ವ ನೋಡ್ದೋನ ಥರ."

"ಅತ್ತಿಗೆ ಮನೆ ಬಾಗಿಲು ಹುಡುಕ್ತಿದ್ನಲ್ಲ."

"ಹೂಂ, ಸಿಕ್ತಾ?"

"ಮನೆಯೇ ಇಲ್ಲ ಕಣೋ. ನಾನೇ ಕೆಡವಿ ಮೇಲೆ ಹೊಸದು ಕಟ್ಟಿದೀನಿ."

ಅವನು ತಮಾಷೆ ಮಾಡುತ್ತಾನೆ ಅಂದುಕೊಂಡೆ. ಮಾಡಲಿಲ್ಲ. ತನ್ನ ಕುರ್ಚಿ ತಂದು ಪಕ್ಕದಲ್ಲಿ ಹಾಕಿ ಕೂತ. ಹೋಟೆಲಿನವನಿಗೆ ಅವನೇ ಹೇಳಿದ, "ನಾಳೆ ಬನ್ನಿ ಸ್ವಾಮಿ, ಇವತ್ತು ಇವರಿಗೆ ಹುಷಾರಿಲ್ಲ."

ಏಪ್ರಿಲ್ 30, ಬುಧವಾರ

ಕೆಡವಿದ ಮನೆಯ ಇಟ್ಟಿಗೆ ಎಲ್ಲಿಗೂ ಹೋಗಿರುವುದಿಲ್ಲ. ಡಿಸ್ಕಿನಲ್ಲಿ ಅಳಿಸಿದ್ದು ಅಳಿಯುವುದಿಲ್ಲ. ಆ ಜಾಗ ಖಾಲಿ ಅಂತ ಗುರುತು ಹಾಕುತ್ತದೆ, ಅಷ್ಟೇ. ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೂ ಹಳೆಯದು ಅಲ್ಲೇ ಇರುತ್ತದೆ. ಹೆಕ್ಕಿ ತೆಗೆಯುವ ಪ್ರೋಗ್ರಾಮುಗಳಿವೆ.

ಬೇರೆ ಏನಾದರೂ ಬರೆಯುವವರೆಗೂ.

ಆ ಹಾಡುಗಳು. ಆ ಸಿನಿಮಾಗಳು. ಫುಟ್‌ಬಾಲು.

ಅತ್ತಿಗೆಯ ಕಂಪ್ಯೂಟರಿನ ಡಬ್ಬ ತರಲು ಹೋದೆ. ಅಂಗಡಿಯಲ್ಲಿ ಒಳ್ಳೆ ಉಪಕರಣ ಇದೆ, ಒಂದೆರಡು ದಿನ ಅಂದೆ. ಅತ್ತಿಗೆ ತಾವೇ ಬಟ್ಟೆ ಸುತ್ತಿ ಕೊಟ್ಟರು, ಮಗುವನ್ನು ಕೊಟ್ಟ ಹಾಗೆ.

ಮೇ 2, ಶುಕ್ರವಾರ. ಮಧ್ಯಾಹ್ನ

ಹೆಕ್ಕುವುದು ಮುಗಿಯಿತು. ಸಂತೆಗೆ ಬಂದವರು ಬಾಗಿಲು ಬಡಿದು ಹೋದರು, ತೆಗೆಯಲಿಲ್ಲ.

ಫೈಲುಗಳು ಬಂದಿವೆ, ರಾಶಿ ರಾಶಿ. ಒಂದಕ್ಕೂ ಹೆಸರಿಲ್ಲ. ಹೆಸರುಗಳನ್ನು ಬರೆದಿಟ್ಟ ಜಾಗವೇ ಮೊದಲು ಹೋದದ್ದು. ಬರೀ ಅಂಕಿ. ತೆರೆದರೆ ಮೀನು, ಪಂಜರ, ಐದು ಬೆರಳಿನ ಕೈ, ಎಲೆ, ಮತ್ತೆ ಮೀನು. ಯಾವುದು ಯಾರ ಮನೆಯ ಮೀನು? ನನಗೆಲ್ಲ ಒಂದೇ ಮೀನು. ಎಷ್ಟೋ ಫೈಲುಗಳು ನಡುವೆ ಹರಿದಿವೆ.

ತಾಯಿಯ ಎದೆಪಟ್ಟಿ ಇದರಲ್ಲಿದೆಯೋ ಇಲ್ಲವೋ ಅತ್ತಿಗೆಗೆ ಮಾತ್ರ ಗೊತ್ತಾಗುವುದು. ಹಾಗಾದರೆ ತೋರಿಸಬೇಕು. ತೋರಿಸಿದರೆ ಹೆಸರುಗಳೆಲ್ಲಿ ಅಂತ ಕೇಳುತ್ತಾರೆ.

ಉತ್ತರ ಸಿದ್ಧ ಮಾಡಿಕೊಂಡೆ. ಕರೆಂಟು ಹೋಗಿ ಬಂದಾಗ ಹಳೆ ಡಿಸ್ಕಿಗೆ ಏಟು ಬಿದ್ದಿತ್ತು. ನಾನು ಇದ್ದದ್ದಕ್ಕೆ ಇಷ್ಟಾದರೂ ಉಳಿಯಿತು. ಲಸ್ಸಾದ್‌ಗೆ ಹೇಳಿ ನೋಡಿದೆ. "ಚೆನ್ನಾಗಿದೆ" ಅಂದ. "ನಾನಾಗಿದ್ರೆ ನಂಬ್ತಿದ್ದೆ. ಮೂರ್ಖ ನಾನು."

ಮೇ 3, ಶನಿವಾರ

ಬೆಳಿಗ್ಗೆ ಹೋದೆ. ವಿಂಡೋಸ್ ಹೊಸದಾಗಿ ಹಾಕಿ, ಕಸೂತಿಯ ಪ್ರೋಗ್ರಾಮು ಅತ್ತಿಗೆಯ ಸಿಡಿಯಿಂದ ಹಾಕಿ, ರಾಶಿಯನ್ನು ಮುಂದಿಟ್ಟೆ. ಡಬ್ಬದಲ್ಲಿ ಈಗಿರುವುದು ಹೊಸ ಡಿಸ್ಕು. ಹಳೆಯದು ಮುಟ್ಟದೆ ನನ್ನ ಡ್ರಾಯರಿನಲ್ಲಿದೆ.

ಒಂದೊಂದೇ ತೆರೆದೆ. ಅತ್ತಿಗೆ ನೋಡಿದ ಕೂಡಲೇ ಹೇಳುತ್ತಿದ್ದರು. "ಇದು ದಾರ್ ಶಾಬಾನ್ ಊರಿನ ಗಾಣದವರ ಮನೇದು." "ಇದು ಆ ಕುಂಬಾರರ ಸೊಸೇದು, ಮೀನಿನ ಬಾಲ ಸೀಳಿರುತ್ತೆ ನೋಡು." "ಇದು ನಾನು ಸುಮ್ನೆ ಮಾಡಿದ್ದು, ತೆಗಿ." ಇನಾಸ್ ಟೈಪು ಮಾಡಿದಳು. ಮೀನುಗಳೆಲ್ಲ ಬೇರೆಬೇರೆಯೇ. ನನಗೆ ಕಾಣುತ್ತಿರಲಿಲ್ಲ.

ಅತ್ತಿಗೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. "ಹಮ್ಮಾದಿ, ಇದು ಹೆಸರು ತಾನಾಗಿ ಮರೀತಾ, ಇಲ್ಲ ಯಾರಾದ್ರೂ ಮರೆಸಿದ್ರಾ?"

ಕರೆಂಟು, ಏಟು, ಹಳೆ ಡಿಸ್ಕು ಎಲ್ಲ ನಾಲಗೆಯ ಮೇಲೆ ಸಾಲಾಗಿ ನಿಂತಿದ್ದವು.

"ನಾನು" ಅಂದೆ. "ಬಲಗಡೆ ತುಂಡು ಒತ್ತಿದೆ. ಅದೇ ನಿಮ್ಮದು. ಮೇಲೆ ಸಿನಿಮಾನೂ ತುಂಬಿದೆ."

ಇನಾಸಳ ಬೆರಳು ಕೀಲಿಗಳ ಮೇಲೆ ನಿಂತಿತು. ಅಂಗಳದಲ್ಲಿ ಯಾರೋ ಕೊಡ ಇಟ್ಟ ಸದ್ದು.

"ಆಗಲೇ ಗೊತ್ತಾಗಿತ್ತು" ಅಂದರು ಅತ್ತಿಗೆ. "ಹತ್ತು ದಿನ ಊಟಕ್ಕೆ ಬರಲಿಲ್ಲವಲ್ಲ ನೀನು. ಮುಂದಿನದು ತೆರಿ."

ತೆರೆದೆ. ಕುಸ್‌ಕುಸ್ ಇತ್ತು. ಅತ್ತಿಗೆ ನನ್ನ ಮುಂದೆ ತಟ್ಟೆ ಇಡಲಿಲ್ಲ. ಇನಾಸ್ ತಂದಿಟ್ಟಳು.

ಮೇ 4, ಭಾನುವಾರ

ಸಿಕ್ಕಿಲ್ಲ. ರಾಶಿ ಕರಗುತ್ತಿದೆ.

ಮೇ 6, ಮಂಗಳವಾರ

ಸಿಕ್ಕಿತು.

ತೆರೆದಾಗ ನನಗೆ ಗೊತ್ತಾಗಲಿಲ್ಲ. ಅತ್ತಿಗೆ ಪರದೆಗೆ ಮುಖ ಹತ್ತಿರ ತಂದಾಗ ಗೊತ್ತಾಯಿತು. ಬಲಗಡೆಯ ಹಕ್ಕಿ, ಅದರ ಮುಂದಿನ ದಾಳಿಂಬೆ, ಕೊರಳಿನ ಸುತ್ತಿನ ಗೆರೆ ನಡುವಿನವರೆಗೂ. ಅಲ್ಲಿಂದ ದಾರ ನೇರವಾಗಿ ಪಕ್ಕಕ್ಕೆ ಓಡಿ ಖಾಲಿಯಲ್ಲಿ ನಿಂತುಹೋಗಿದೆ. ಎಡಭಾಗ ಇಲ್ಲ. ಅದರ ಜಾಗದಲ್ಲಿ ಯಾವುದೋ ಪಂದ್ಯದ ದ್ವಿತೀಯಾರ್ಧ ಇದೆ.

ಮತ್ತೆ ಹೆಕ್ಕಿ ನೋಡುತ್ತೇನೆ ಅಂದೆ. ಆಗಲೇ ಮೂರು ಬೇರೆ ಪ್ರೋಗ್ರಾಮುಗಳಲ್ಲಿ ನೋಡಿದ್ದೆ. ಅದನ್ನೂ ಹೇಳಿದೆ.

ಇನಾಸ್ ಒಂದು ಉಪಾಯ ಹೇಳಿದಳು. "ಅಮ್ಮ, ಪ್ರೋಗ್ರಾಮಲ್ಲಿ ಕನ್ನಡಿ ಗುಂಡಿ ಇದೆ. ಬಲಭಾಗ ತಿರುಗಿಸಿ ಎಡಕ್ಕೆ ಹಾಕಿದ್ರೆ ಆಯ್ತು. ಯಾರಿಗೂ ಗೊತ್ತಾಗಲ್ಲ."

ನನ್ನ ಕೈ ಆಗಲೇ ಗುಂಡಿಯ ಮೇಲಿತ್ತು. ಒತ್ತಿದೆ. ಎಡಗಡೆ ಅದೇ ಹಕ್ಕಿ, ಅದೇ ದಾಳಿಂಬೆ, ಅಚ್ಚುಕಟ್ಟಾಗಿ ಬಂತು. ಒಂದು ಕ್ಷಣ ಹಳೆಯ ಹಾಗೆ ನನ್ನ ಎದೆ ಉಬ್ಬಿತು.

ಅತ್ತಿಗೆ ಬಹಳ ಹೊತ್ತು ನೋಡಿದರು.

"ಅಲ್ಲ. ನಮ್ಮಮ್ಮನ ಎಡಗಡೆ ಹಕ್ಕಿ ಈ ಕಡೆ ನೋಡ್ತಿರಲಿಲ್ಲ. ತಲೆ ತಿರುಗಿಸಿ ಹಿಂದೆ ನೋಡ್ತಿತ್ತು. ಅವಳು ಹೊಲೀವಾಗ ಬಾಗಿಲಲ್ಲಿ ಯಾರೋ ಕರೆದ್ರಂತೆ, ಕೈ ತಪ್ಪಿತಂತೆ. ಬಿಚ್ಚೋಕೆ ಮನಸ್ಸು ಬರಲಿಲ್ಲವಂತೆ."

"ಹಾಗಿದ್ರೆ ತಪ್ಪನ್ನೇ ಮತ್ತೆ ಹೊಲೀಬೇಕಾ?" ಅಂದಳು ಇನಾಸ್.

"ತಪ್ಪಿಲ್ಲದ್ದು ಬೇರೆಯವರ ಮನೇದು."

ಅಳಿಸು ಅಂದರು. ಕನ್ನಡಿಯ ಹಕ್ಕಿಯನ್ನು ಅಳಿಸಿದೆ. ಮತ್ತೆ ಖಾಲಿ.

ಮೇ 11, ಭಾನುವಾರ

ಬಲಭಾಗವನ್ನು ಯಂತ್ರ ಮೊನ್ನೆ ಹೊಲಿದು ಮುಗಿಸಿತು. ಎಡಭಾಗವನ್ನು ಅತ್ತಿಗೆ ಕೈಯಿಂದ. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದಿದ್ದಾರೆ. ಒಂದು ಕಡೆ ಇನಾಸ್ ಹಿಡಿದಿದ್ದಳು, ಒಲೆಯ ಮೇಲೆ ಅಡುಗೆ ಇದೆ ಅಂತ ಎದ್ದಳು. ಅತ್ತಿಗೆ ನನ್ನ ಕಡೆ ನೋಡಿದರು. "ಸುಮ್ನೆ ಕೂತಿದೀಯಲ್ಲ, ಹಿಡಿ. ಅಲ್ಲಾಡಬೇಡ. ಮಾತೂ ಬೇಡ."

ಇಷ್ಟು ಹೊತ್ತು ಮಾತಿಲ್ಲದೆ ಕೂತಿದ್ದು ನೆನಪೇ ಇಲ್ಲ. ಎಡಗೈಯಲ್ಲಿ ಚೌಕಟ್ಟು, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವರು ಬೇಡ ಅನ್ನಲಿಲ್ಲ.

ಹಕ್ಕಿಯ ಮೈ ಆಗಿದೆ. ಕತ್ತು ಹಿಂದಕ್ಕೆ ಬಾಗಿದೆ. ಇನ್ನು ಕಣ್ಣು. ಎಲ್ಲಿ ಇಟ್ಟಿದ್ದಳು ತಾಯಿ ಅಂತ ಅತ್ತಿಗೆ ಕಣ್ಣು ಮುಚ್ಚಿ ಕೂತಿದ್ದಾರೆ, ಸೂಜಿ ಬಟ್ಟೆಯ ಮೇಲೆ, ತಾಗಿಯೂ ತಾಗದೆ. ಕಣ್ಣು ಬಿಟ್ಟರು. ಅಲ್ಲ, ಇನ್ನೂ ಸ್ವಲ್ಪ ಮೇಲೆ ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಸೂಜಿ ಒಂದು ಎಳೆಯಷ್ಟು ಮೇಲೆ ಸರಿದು ಬಟ್ಟೆಯೊಳಗೆ ಇಳಿಯಿತು.