ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ

ಮಾರ್ಚ್ 3, ಸೋಮವಾರ

ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಫೋನ್ ಹೊಡೆದುಕೊಂಡಿದ್ದೇ ಹೊಡೆದುಕೊಂಡಿದ್ದು. ಡಾಕ್ಟರು ತಡ, ಬೈಗುಳ ಕೌಂಟರಿನಲ್ಲಿ ಕೂತ ನನಗೆ. ಮಧ್ಯಾಹ್ನ ಹಲ್ಲಿನವರು ಬಂದರು. ಪೇಷಂಟುಗಳಿಗೆ ಬೇಕಾದ ಕಟ್ಟು ಹಲ್ಲುಗಳನ್ನು ತಮ್ಮ ಲ್ಯಾಬಿನಲ್ಲಿ ಮಾಡಿ, ತಾವೇ ತಂದುಕೊಡುವವರು. ಇವತ್ತು ಒಂದು ಸೆಟ್ಟು, ಎರಡು ಕ್ಯಾಪು. ಜೊತೆಗೆ ಒದ್ದೆ ಕರ್ಚೀಫಿನಲ್ಲಿ ಸುತ್ತಿದ ಸಂಪಿಗೆ. "ನಿಮ್ಮ ದೇವರಿಗೆ" ಎಂದರು.

ಕೆಲಸ ಮುಗಿಸಿ ನಾನು ಹಿಂದಿನ ಬೀದಿಯ ದೇವಸ್ಥಾನಕ್ಕೆ ಹೂ ಒಯ್ಯುವುದನ್ನು ಗಮನಿಸಿದ್ದಾರೆ. ಅಮ್ಮ ಹೋದ ಮೇಲೂ ಅದೊಂದು ಬಿಟ್ಟಿಲ್ಲ. ದಾರಿಯುದ್ದಕ್ಕೂ ಘಮ. ಆದರೂ ಮೂಸಲಿಲ್ಲ. ದೇವರಿಗಿಂತ ಮೊದಲು ಮೂಸಿದ್ದಕ್ಕೆ ಅಮ್ಮ ಕೈಗೆ ಕೊಟ್ಟ ಏಟು ಇನ್ನೂ ನೆನಪಿದೆ.

ಮಾರ್ಚ್ 6, ಗುರುವಾರ

ಇವತ್ತೂ ಸಂಪಿಗೆ. ಪೇಷಂಟುಗಳು ಯಾರೂ ಇರಲಿಲ್ಲ. ಹಲ್ಲಿನ ಡಬ್ಬಿ ಇಟ್ಟವರು ಹೋಗಲಿಲ್ಲ.

"ನಿಮ್ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ಬಳೇ. ಅಕ್ಕ ಬೇರೆ ಊರಲ್ಲಿ."

"ನಾನೂ ಅಷ್ಟೆ. ಹೆಂಡತಿ ಹೋಗಿ ಬಹಳ ವರ್ಷ ಆಯ್ತು." ಆಮೇಲೆ ಕೌಂಟರಿನ ಗಾಜು ನೋಡುತ್ತ, "ಮದುವೆ ಆಗೋಣ್ವಾ ಅಂತ ಕೇಳೋಕೆ ನಾಚಿಕೆ ಆಗುತ್ತೆ, ಈ ವಯಸ್ಸಲ್ಲಿ. ಆದ್ರೂ ಕೇಳ್ತಾ ಇದ್ದೀನಿ."

ನಾನೇನು ಹೇಳಿದೆ? "ಇಲ್ಲೊಂದು ಸೈನ್ ಹಾಕಿ." ನನ್ನ ಬಾಯಿಗೆ ಬೆಂಕಿ ಬೀಳ.

ಮಾರ್ಚ್ 7, ಸಂಜೆ

ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಐವತ್ತು ಹತ್ತಿರ ಬಂತು, ಇದೇನೇ ಹೊಸ ರಾಗ? ಜನ ಏನಂತಾರೆ?"

ಆಮೇಲೆ ಅವಳೇ ಮೆತ್ತಗಾದಳು. "ಸರಿ, ಹೂ ಕೇಳು. ಅಮ್ಮ ಏನಿದ್ರೂ ದೇವಿ ಹತ್ರ ಹೂ ಕೇಳ್ತಿದ್ದಳಲ್ಲ. ಬಲಕ್ಕೆ ಬಿದ್ರೆ ನಾನೇ ಮುಂದೆ ನಿಂತು ಮಾಡಿಸ್ತೀನಿ."

ಕೇಳಲು ಭಯ. ನನಗೆ ಇಪ್ಪತ್ನಾಲ್ಕಾಗಿದ್ದಾಗ ಒಬ್ಬ ಮೇಷ್ಟ್ರ ಸಂಬಂಧ ಬಂದಿತ್ತು. ಅಮ್ಮ ಹೂ ಕೇಳಿ ಬಂದಳು. ಎಡಕ್ಕೆ ಬಿತ್ತು ಎಂದಳು. ಅಲ್ಲಿಗೆ ಮುಗಿಯಿತು. ಮೇಷ್ಟ್ರದು ಉದ್ದ ಬೆರಳು... ಈಗ ಅಷ್ಟೇ ನೆನಪು. ಮುಂದೆ ಅಮ್ಮನ ಮಂಡಿ ಹೋಯಿತು, ಆಮೇಲೆ ಕಣ್ಣು. ನೋಡಿಕೊಳ್ಳಲು ನಾನಿದ್ದೆ.

ಮಾರ್ಚ್ 14, ಶುಕ್ರವಾರ

ಒಂದು ವಾರ ಬರೆದಿಲ್ಲ. ಬರೆಯಲೇನಿದೆ. ಹಲ್ಲಿನವರು ಬಂದರು, ಹೋದರು. ಉತ್ತರ ಕೇಳಲಿಲ್ಲ, ಒಳ್ಳೆಯವರು. ಕೇಳಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಕೂಡಲೇ ಟಿವಿ ಹಾಕುತ್ತೇನೆ. ನೋಡುವುದಕ್ಕಲ್ಲ. ಇವತ್ತು ಕುಕ್ಕರ್ ಕೂಗಿದಾಗ "ಬಂದೆ" ಎಂದೆ. ಎಂದ ಮೇಲೆ ಅಡುಗೆಮನೆಯ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ.

ಮಾರ್ಚ್ 15, ಶನಿವಾರ, ಮಧ್ಯಾಹ್ನ

ಕೇಳಿದೆ. ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಅರ್ಚಕರು ಒಂದು ಸಂಪಿಗೆ ಆರಿಸಿ ದೇವಿಯ ಕಿರೀಟದ ಮೇಲಿಟ್ಟರು. "ಮನಸ್ಸಲ್ಲೇ ಕೇಳಿಕೊಳ್ಳಿ. ಬಲಕ್ಕೆ ಬಿದ್ರೆ ಹೌದು, ಎಡಕ್ಕೆ ಬಿದ್ರೆ ಬೇಡ." ಎದ್ದು ಫ್ಯಾನ್ ಬೇರೆ ಆಫ್ ಮಾಡಿದರು — ಆಮೇಲೆ ಯಾರೂ ಮೋಸ ಅನ್ನಬಾರದಲ್ಲ.

ಕಣ್ಣು ಮುಚ್ಚಿದೆ. ತೆರೆದೆ. ಹೂವು ಅಲ್ಲೇ. ಮತ್ತೆ ಮುಚ್ಚಿದೆ. ಕಾಲು ಜೋಮು ಹಿಡಿಯಿತು. ಅರ್ಚಕರ ಬೆನ್ನೆಲ್ಲ ಬೆವರು.

"ಬಾಗಿಲು ಹಾಕೋ ಹೊತ್ತಾಯ್ತಮ್ಮ. ಕೆಲವು ಸಲ ಹೀಗೆ. ಇನ್ನೊಂದಿನ ಬನ್ನಿ."

"ಬೀಳದಿದ್ರೆ ಏನರ್ಥ?"

"ಬಿದ್ದಿಲ್ಲ ಅಂತ ಅರ್ಥ. ಅಷ್ಟೇ."

ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ನಾನು ಪೇಷಂಟುಗಳನ್ನು ಕಾಯಿಸಿ ಕೂರಿಸುವ ಹಾಗೆ ದೇವಿ ನನ್ನನ್ನು ಕೂರಿಸಿದಳು.

ಅದೇ ದಿನ, ಸಂಜೆ

ಅಕ್ಕನಿಗೆ ಹೇಳಿದೆ.

"ಬೀಳಲಿಲ್ವಾ? ಹಾಗಿದ್ರೆ ಬಿಟ್ಟುಬಿಡು. ಅವತ್ತೂ ಹಾಗೇ ಆಗಿತ್ತಲ್ಲ."

"ಯಾವತ್ತು?"

"ಮೇಷ್ಟ್ರ ಸಂಬಂಧ ಬಂದಾಗ. ಅಮ್ಮನ ಪಕ್ಕ ನಾನೂ ಇದ್ದೆ. ಹೂವು ಅಲ್ಲಾಡಲೇ ಇಲ್ಲ. ಕಾದೂ ಕಾದೂ ಎದ್ದು ಬಂದ್ವಿ."

"ಎಡಕ್ಕೆ ಬಿತ್ತು ಅಂದ್ರಿ."

"ಬೀಳದಿದ್ರೂ ಅದೇ ಅರ್ಥ ಅಲ್ವೇನೆ? ನನ್ನ ಮದುವೆ ಆಗಿತ್ತು. ಅಮ್ಮನಿಗೆ ನಿನ್ನ ಬಿಟ್ಟು ಯಾರಿದ್ರು ಹೇಳು."

ಫೋನ್ ಇಟ್ಟೆ. ಅಮ್ಮನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಒಂಟಿಯಾಗುವ ಭಯ ಎಂಥದೆಂದು ಈಗ ನನಗೆ ಗೊತ್ತು. ಆದರೆ ದೇವಿ ಬೇಡ ಎಂದಿರಲಿಲ್ಲ. ಇಷ್ಟು ವರ್ಷ ಅವಳ ಮಾತು ಎಂದುಕೊಂಡು ನಡೆದೆ. ಅವಳು ಬಾಯಿಯೇ ಬಿಟ್ಟಿರಲಿಲ್ಲ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಕುಂಡದ ದಾಸವಾಳ ಕಿತ್ತು ದೇವಸ್ಥಾನಕ್ಕೆ ಒಯ್ದೆ. "ಮತ್ತೆ ಕೇಳ್ತೀರಾ?" ಎಂದರು ಅರ್ಚಕರು. "ಇಲ್ಲ, ಸುಮ್ನೆ ಏರಿಸಿ" ಎಂದೆ. ಏನೂ ಕೇಳದೆ ಕೈಮುಗಿದು ಎಷ್ಟು ಕಾಲವಾಗಿತ್ತೋ.

ಅಲ್ಲಿಂದ ಸೀದಾ ಲ್ಯಾಬಿಗೆ. ಮೆಟ್ಟಿಲ ಕೆಳಗಿನ ಕೋಣೆ. ಕುರ್ಚಿ, ಕಿಟಕಿ, ಹಲ್ಲಿನವರ ಹುಬ್ಬು — ಎಲ್ಲದರ ಮೇಲೂ ಬಿಳಿ ಪುಡಿ. ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿದರು.

"ಹೂ ಕೇಳಿದೆ. ಬೀಳಲಿಲ್ಲ."

ಮುಖ ಸಪ್ಪಗಾಯಿತು. "ಸರಿ ಬಿಡಿ."

"ಬಿಡೋದಲ್ಲ. ದೇವಿ ಏನೂ ಹೇಳಲಿಲ್ಲ. ನಾನು ಹೇಳ್ತಾ ಇದ್ದೀನಿ. ಆಗಬಹುದು."

ಬಹಳ ಹೊತ್ತು ಕೈ ಒರೆಸಿಕೊಂಡರು.

"ನನ್ನ ಮದುವೆಗೂ ನಮ್ಮವರು ಕೇಳಿದ್ರು. ಬಲಕ್ಕೇ ಬಿದ್ದಿತ್ತು. ನಿಂಗೆ ಇಷ್ಟ ಇದೆಯಾ ಅಂತ ಅವಳನ್ನ ಮಾತ್ರ ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ." ಸ್ಟೂಲು ಒರೆಸಿ ಮುಂದಿಟ್ಟರು. "ನೀವು ಹೇಳಿದ್ರಲ್ಲ. ಸಾಕು."

ಕೂತೆ. ಕ್ಲಿನಿಕ್ಕಿಗೆ ತಡವಾಯಿತು.

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ಅಕ್ಕ ಫೋನ್ ಎತ್ತುತ್ತಿಲ್ಲ. ದೇವರಿಗೇ ಎದುರಾಡಿದೆನಂತೆ — ಮೆಸೇಜು ಕಳಿಸಿದ್ದಾಳೆ. ಅವಳ ದನಿಯೂ ಇಲ್ಲದೆ ಈ ವಾರ ಮನೆ ಇನ್ನಷ್ಟು ಬಿಕೋ.

ಹತ್ತು ಗಂಟೆಗೆ ಅವರು ಬರುತ್ತಾರೆ. ಈ ಮನೆಗೆ ಬಂದ ಕೊನೆಯ ಹೊರಗಿನವನು ನಲ್ಲಿ ರಿಪೇರಿಯವನು. ಅವನನ್ನೂ ಕೂರಿಸಿರಲಿಲ್ಲ. ಅಮ್ಮನ ಮಂಚದ ಮೇಲೆ ಪೇರಿಸಿದ್ದ ಬಟ್ಟೆಯನ್ನೆಲ್ಲ ತೆಗೆದು ಬೀರುವಿಗೆ ತುರುಕಿದೆ. ಖಾಲಿ ಮಂಚ ನೋಡಿ ಅಳು ಬಂತು. ಇಬ್ಬರು ಇರುವುದು ಹೇಗೆಂದೇ ಮರೆತುಹೋಗಿದೆ. ಒಳ್ಳೆಯದಾಗದಿದ್ದರೆ? ಅವರಿಗೇ ಬೇಸರವಾದರೆ? ಆಗ ದೇವಿ ಹೇಳಿದ್ದಳು ಎನ್ನಲೂ ಬರುವುದಿಲ್ಲ...

ಬೆಲ್. ಇಷ್ಟು ಬೇಗ. ಇನ್ನೂ ತಲೆ ಬಾಚಿಲ್ಲ. ಹೊರಗೆ ಗಂಟಲು ಸರಿಮಾಡಿಕೊಳ್ಳುವ ಸದ್ದು — ಅವರಿಗೂ ಭಯವೇ ಇರಬೇಕು. ಹೋಗಿ ಬಾಗಿಲು ತೆಗೆಯುತ್ತೇನೆ.