ಎಡಕ್ಕೆ ಎಳೆಯುವ ಕಾರು

27 ಅಕ್ಟೋಬರ್ 2025, ಸೋಮವಾರ. ಬೆಳಿಗ್ಗೆ 8.30

ಕಾರ್ತಿಕದ ಮೊದಲ ಸೋಮವಾರ. ಸ್ನಾನ, ದೀಪ, ಬಿಲ್ವಪತ್ರೆ ಆಯಿತು. ಆಮೇಲೆ ಕಾರು. ಗೋವಿಂದರಾಜನಗರದ ನಮ್ಮ ರಸ್ತೆಯಿಂದ ಮಾಗಡಿ ರೋಡಿನವರೆಗೆ, ಅಲ್ಲಿಂದ ವಾಪಸ್. ಇವತ್ತೂ ಎಡಕ್ಕೆ ಎಳೆಯಿತು. ಸ್ಟೇರಿಂಗ್ ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿದರೆ ಮಾತ್ರ ನೇರ. ಕೈ ಸಡಿಲ ಬಿಟ್ಟರೆ ಫುಟ್‌ಪಾತಿನ ಕಡೆ ಹೊರಡುತ್ತದೆ.

ಇವರು ಪಕ್ಕದ ಸೀಟಿನಲ್ಲಿ. ಕೈ ಹ್ಯಾಂಡ್‌ಬ್ರೇಕ್ ಮೇಲೆ.

"ಗಾಡಿ ಎಳೀತಿಲ್ಲ ಗಂಗಾ, ನೀನು ಎಳೀತಿದೀಯ. ಬಿಂದಿಗೆ ಹೊತ್ತ ಕೈ ಅದು. ಒಂದು ಕಡೆಗೆ ವಾಲುತ್ತೆ."

ನಾನು ಬಿಂದಿಗೆ ಹೊರುತ್ತಿದ್ದದ್ದು ಬಲಸೊಂಟದಲ್ಲಿ.

ಇಪ್ಪತ್ತಾರು ವರ್ಷ ಸಿಟಿ ಬಸ್ ಓಡಿಸಿದವರು, ಒಂದು ಆಕ್ಸಿಡೆಂಟ್ ಇಲ್ಲ. ನಾನು ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸು. ಡಿಎಲ್ ಬಂದು ಮೂರು ತಿಂಗಳು. ಎದುರು ಮಾತಾಡಲು ಏನಿದೆ.

ಮಗಳು ಕೀರ್ತನಾಗೆ ಈಗ ಏಳು ತಿಂಗಳು. ಕೆಂಗೇರಿ ಉಪನಗರದಿಂದ ಹೆರಿಗೆಗೆ ಇಲ್ಲಿಗೆ ಕರೆತರಬೇಕು, ಚೆಕಪ್ಪಿಗೆ ಓಡಾಡಿಸಬೇಕು. ಅದಕ್ಕೇ ಈ ಹಳೇ ಕಾರು ತೆಗೆದುಕೊಂಡದ್ದು. ಇವರು ಓಡಿಸುವುದಿಲ್ಲ. ಸಕ್ಕರೆ ಕಾಯಿಲೆ, ಕಣ್ಣಿಗೆ ಸ್ವಲ್ಪ ಮಂಜು ಅನ್ನುತ್ತಾರೆ. ಸ್ವಲ್ಪ ಎಂದರೆ ಎಷ್ಟು — ಡಾಕ್ಟರಿಗೂ ತೋರಿಸಿಲ್ಲ. ಕೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ.

ಇಳಿಯುವಾಗ ಹೇಳಿದರು. "ಕಾರ್ತಿಕ ಮುಗಿಯೋದ್ರೊಳಗೆ ನೇರ ಹಿಡಿಯೋದು ಕಲಿ. ಇಲ್ಲಾಂದ್ರೆ ಮಾರಿಬಿಡೋಣ. ಬಸುರಿ ಮಗಳನ್ನ ಕೂರಿಸ್ಕೊಂಡು ಇಂಥ ಕೈಲಿ..."

ಅಮಾವಾಸ್ಯೆಗೆ ಇನ್ನು ಇಪ್ಪತ್ನಾಲ್ಕು ದಿನ.

29 ಅಕ್ಟೋಬರ್

ಬಂಕಿನಲ್ಲಿ ಗಾಳಿ ನೋಡಿಸಿದೆ. ನಾಲ್ಕಕ್ಕೂ ಮೂವತ್ತು. ಪಂಕ್ಚರ್ ಅಂಗಡಿಯವನು "ಟೈರಿನ ದೋಷ ಇದ್ರೂ ಇರಬಹುದು ಅಮ್ಮ, ಮುಂದಿನ ಎರಡನ್ನ ಅದಲು ಬದಲು ಮಾಡಿ ನೋಡೋಣ" ಅಂದ. ಟೈರಿನ ದೋಷವಾದರೆ ಎಳೆತವೂ ಆ ಕಡೆಗೆ ಬದಲಾಗಬೇಕಂತೆ. ಮಾಡಿದ. ಬದಲಾಗಲಿಲ್ಲ. ಎಡಕ್ಕೇ.

1 ನವೆಂಬರ್, ಶನಿವಾರ

ವಿಜಯನಗರದಲ್ಲಿ ಕಂಪ್ಯೂಟರ್ ಅಲೈನ್‌ಮೆಂಟ್. ಮುಂದಿನ ಎರಡು ಚಕ್ರಕ್ಕೆ ಕನ್ನಡಿಯಂಥದ್ದು ಸಿಕ್ಕಿಸಿ ಏನೋ ತಿರುಗಿಸಿದರು. ಟಿವಿಯಲ್ಲಿ ಕೆಂಪು ಇದ್ದದ್ದು ಹಸಿರಾಯಿತು. "ಪಕ್ಕಾ ಆಂಟಿ, ಈಗ ಕಣ್ಮುಚ್ಕೊಂಡು ಓಡ್ಸಿ." ಕಣ್ಣು ತೆರೆದೇ ಓಡಿಸಿದೆ. ಮೊದಲನೇ ಸಿಗ್ನಲ್ ದಾಟುವುದರೊಳಗೆ ಎಡ.

"ಮಿಷನ್ನೇ ಸರಿ ಅಂದ್ಮೇಲೆ ಉಳಿದಿದ್ದು ನಿನ್ನ ಕೈ" ಅಂದರು ಇವರು. ಬೈಗುಳದ ಹಾಗಲ್ಲ. ಬಸ್ ನಂಬರ್ ಹೇಳಿದ ಹಾಗೆ.

ಶಿವನೇ, ತಪ್ಪು ನನ್ನದಾದರೆ ತೋರಿಸು, ತಿದ್ದಿಕೊಳ್ಳುತ್ತೇನೆ.

5 ನವೆಂಬರ್. ಹುಣ್ಣಿಮೆ

ಕಾರು ತೊಳೆದೆ. ಹಿಂದಿನ ಬಲಚಕ್ರದ ಮೇಲೆ, ಟೈರಿಗೂ ತಗಡಿಗೂ ನಡುವೆ ನಾಲ್ಕು ಬೆರಳು ಸರಾಗವಾಗಿ ಹೋದವು. ಎಡಗಡೆ ಎರಡೇ. ಮುಂದಿನ ಎರಡೂ ಸಮ.

ಇವರಿಗೆ ಹೇಳಿದೆ. "ರಸ್ತೆ ಓರೆ ಇದೆ ಕಣೇ, ಚರಂಡಿ ಕಡೆ ವಾಲಿದೆ." ಇರಬಹುದು. ಕಾರನ್ನು ತಿರುಗಿಸಿ, ಬಲಚಕ್ರ ಚರಂಡಿ ಕಡೆ ಬರುವಂತೆ ನಿಲ್ಲಿಸಿ ಮತ್ತೆ ಬೆರಳಿಟ್ಟೆ. ಎಡಗಡೆ ಎರಡೇ. ರಸ್ತೆಯದಲ್ಲ.

ಇದನ್ನು ಹೇಳಲಿಲ್ಲ. ಸಂಜೆ ಮುನ್ನೂರ ಅರವತ್ತೈದು ಬತ್ತಿ ಹಚ್ಚಿದೆ.

9 ನವೆಂಬರ್, ಭಾನುವಾರ

ಮಹಡಿ ಮನೆ ಬಾಡಿಗೆಯ ಪಾರವ್ವ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಹುಬ್ಬಳ್ಳಿ ಕಡೆಯವಳು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ನಾನು ಕಾರು ನಿಲ್ಲಿಸಿ ಇಳಿದದ್ದೇ ಮೇಲಿಂದ ಕೂಗಿದಳು.

"ಗಂಗಕ್ಕಾ, ನಿಮ್ಮ ಕಾರು ಏಡಿ ಹೋದಂಗ ಹೊಂಟಿತ್ತಲ್ರೀ. ಮುಖ ಒಂದ್ ಕಡಿ, ಹಿಂಭಾಗ ಒಂದ್ ಕಡಿ."

"ನನ್ನ ಡ್ರೈವಿಂಗ್ ಅಷ್ಟು ಕೆಟ್ಟದಾ ಪಾರವ್ವ?"

"ನಿಮ್ಮ ಡ್ರೈವಿಂಗ್ ನಾ ಏನ್ ಕಂಡೇನ್ರೀ. ಮ್ಯಾಲಿಂದ ಕಂಡಿದ್ದು ಹೇಳಿದೆ. ನಮ್ಮೂರಾಗ ಅಚ್ಚು ಸರದ ಬಂಡಿ ಹಿಂಗ ಹೋಗ್ತಿತ್ತು."

ಅಡುಗೆ ಮಾಡುವಾಗಲೂ ಅದೇ ತಲೆಯಲ್ಲಿ.

10 ನವೆಂಬರ್, ಸೋಮವಾರ. ಬೆಳಿಗ್ಗೆ 6

ಇವರು ಏಳುವ ಮೊದಲೇ ಎದ್ದೆ. ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ, ಕಾರಿನ ಮುಂದೆ ರಸ್ತೆಯ ಅಡ್ಡಕ್ಕೆ ಒಂದು ಮಾರು ಅಗಲ ರಂಗೋಲಿ ಪುಡಿ ಜರಡಿ ಹಿಡಿದೆ. ಚುಕ್ಕಿ ಇಡಲಿಲ್ಲ, ಗೆರೆ ಎಳೆಯಲಿಲ್ಲ. ಹಾಕಿದ ರಂಗೋಲಿಯ ಮೇಲೆ ಚಕ್ರ ಹರಿಸುವುದು ನನ್ನಿಂದಾಗದು. ಬರೀ ಪುಡಿ. ದೇವರಿಗೆ ಹೇಳಿಯೇ ಹರಡಿದ್ದು.

ಸ್ಟೇರಿಂಗ್ ಅಲುಗದಂತೆ ಹಿಡಿದು, ನಿಧಾನ, ನೇರ, ಪುಡಿಯ ಮೇಲೆ ಹಾಯಿಸಿದೆ. ಇಳಿದು ನೋಡಿದೆ.

ನೇರ ಹೋಗುವ ಕಾರಿನಲ್ಲಿ ಮುಂದಿನ ಚಕ್ರದ ಗುರುತನ್ನು ಹಿಂದಿನ ಚಕ್ರ ತುಳಿಯಬೇಕು. ಇಲ್ಲಿ ನಾಲ್ಕು ಗೆರೆ. ಬಲಗಡೆ ಹಿಂದಿನ ಚಕ್ರದ್ದು ಎರಡು ಬೆರಳು ಆಚೆ. ಎಡಗಡೆ ಎರಡು ಬೆರಳು ಒಳಗೆ. ಹಿಂಭಾಗ ಪೂರ್ತಿ ಬಲಕ್ಕೆ ಸರಿದು ಬರುತ್ತಿದೆ. ಪಾರವ್ವ ಕಂಡದ್ದು ನಿಜ.

ನನ್ನ ಕೈಯಲ್ಲ.

ಇವರು ಬರುವ ಮೊದಲು ಗುಡಿಸಿಬಿಟ್ಟೆ.

ಅದೇ ದಿನ, ಮಧ್ಯಾಹ್ನ

ಯಾಕೆ ಗುಡಿಸಿದೆ. ಕೂಗಿ ಕರೆದು ತೋರಿಸಬಹುದಿತ್ತು.

ಈ ಕಾರು ತಂದದ್ದು ವಿಜಯದಶಮಿಗೆ. ಡಿಪೋದಲ್ಲಿ ಇವರ ಜೊತೆಗಿದ್ದ ಪದ್ಮನಾಭನದು. ಹಿಂದಿನ ದಿನ ಆಯುಧಪೂಜೆ ಮಾಡಿದ್ದ. ಬಾಳೆಕಂದು, ಚೆಂಡುಹೂವಿನ ಹಾರ, ಡಿಕ್ಕಿಯ ತುಂಬ ಅರಿಶಿನ ಕುಂಕುಮ. ಪೂಜೆಯಾದ ಗಾಡಿಯ ಹೂವು ಸರಿಸಿ ಕೆಳಗೆ ಬಗ್ಗಿ ನೋಡಲು ನನಗೆ ಮನಸ್ಸಾಗಲಿಲ್ಲ. ಅಪಶಕುನ ಅನ್ನಿಸಿತು. ಕೈ ಮುಗಿದೆ. ಇವರು ಒಂದು ಸುತ್ತು ಬಂದರು, ಬಾನೆಟ್ ತಟ್ಟಿದರು. "ಫಸ್ಟ್ ಕ್ಲಾಸ್. ಒಂದು ಗೀರಿಲ್ಲ" ಅಂದರು. ಪದ್ಮನಾಭ ಆಗ ಏನೂ ಅನ್ನಲಿಲ್ಲ.

ಹಿಂಭಾಗ ಹೀಗೆ ಸರಿದಿದೆ ಎಂದರೆ ಹಿಂದಿನಿಂದ ಏಟು ಬಿದ್ದಿರಲೇಬೇಕು. ಹಾಗೆಂದು ಈಗ ನಾನು ಹೇಳಿದರೆ, ನಿಮಗೆ ಕಾಣಲಿಲ್ಲ ಎಂದ ಹಾಗೆ. ಇಪ್ಪತ್ತಾರು ವರ್ಷ ಕಣ್ಣಿನಿಂದ ಅನ್ನ ತಿಂದವರಿಗೆ.

ಹೇಳದಿದ್ದರೆ ಕಾರು ಹೋಗುತ್ತದೆ. ಕೊಂಡವರು ಅದರಲ್ಲಿ ಮಕ್ಕಳನ್ನು ಕೂರಿಸುತ್ತಾರೆ. ನಾನು ಕೈ ಬಾರದವಳಾಗಿ ಉಳಿಯುತ್ತೇನೆ.

14 ನವೆಂಬರ್, ಶುಕ್ರವಾರ

ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದು ಹೊರಟೆ. ಸುಳ್ಳಾಗಬಾರದೆಂದು ಮೈಸೂರು ರೋಡಿನಲ್ಲಿ ಗಾಳಿ ಆಂಜನೇಯನಿಗೆ ಇಳಿದು ಕೈ ಮುಗಿದೆ. ಅಲ್ಲಿಂದ ನಾಯಂಡಹಳ್ಳಿ, ಮುರುಗೇಶ್ ವರ್ಕ್‌ಶಾಪ್. ಪಂಕ್ಚರ್ ಅಂಗಡಿಯವನು ಹೇಳಿದ ಜಾಗ. ಒಬ್ಬಳೇ ಅಷ್ಟು ದೂರ ಓಡಿಸಿದ್ದು ಇದೇ ಮೊದಲು. ಲಾರಿ ಪಕ್ಕ ಬಂದಾಗಲೆಲ್ಲ ಪಂಚಾಕ್ಷರಿ.

ಮುರುಗೇಶ್ ನಲವತ್ತರ ಆಸುಪಾಸು, ಮಾತು ಕಮ್ಮಿ. ಮೊದಲು ಟೇಪು ತಂದ. ಚಕ್ರದ ನಡುವಿನಿಂದ ಮೇಲಿನ ತಗಡಿನ ಅಂಚಿಗೆ ಅಳೆದ. ಬಲ ಹಿಂದೆ ಮೂವತ್ತೆಂಟು ಸೆಂಟಿಮೀಟರ್. ಎಡ ಹಿಂದೆ ಮೂವತ್ತೈದೂವರೆ. ಆಮೇಲೆ ಗಾಡಿ ಮೇಲೆತ್ತಿ, ನಾಲ್ಕೂ ಚಕ್ರಕ್ಕೆ ಮಿಷನ್ ಕಟ್ಟಿದ.

"ಅಮ್ಮ, ಹಿಂದ್ಗಡೆಯಿಂದ ಎಡಮೂಲೆಗೆ ಯಾರೋ ಜೋರಾಗಿ ಗುದ್ದಿದಾರೆ. ಆ ಚಕ್ರ ಒಂದೂವರೆ ಸೆಂಟಿಮೀಟರ್ ಮುಂದಕ್ಕೆ ಬಂದಿದೆ. ಅಚ್ಚೇ ಬಾಗಿದೆ. ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದಿದೆ, ಅದಕ್ಕೇ ಕೂತಿರೋದು. ಹೊರಗೆ ಪುಟ್ಟಿ ಹಾಕಿ ಬಣ್ಣ ಹೊಡೆದಿದಾರೆ."

"ವಿಜಯನಗರದಲ್ಲಿ ಎಲ್ಲಾ ಹಸಿರು ಬಂತಲ್ಲಪ್ಪ."

"ಅವ್ರು ಮುಂದಿನ ಎರಡು ಮಾತ್ರ ನೋಡಿರ್ತಾರೆ. ಹಿಂದಿನವು ಗಾಡೀನ ಪಕ್ಕಕ್ಕೆ ತಳ್ತಾ ಇದ್ರೆ ಮುಂದೆ ಏನ್ ತಿರುಗಿಸಿದ್ರೂ ಅಷ್ಟೇ."

"ನನ್ನ ಕೈ ವಾಲುತ್ತೆ ಅಂತಾರೆ ಯಜಮಾನ್ರು."

ಅವನು ಮೊದಲ ಸಲ ನಕ್ಕ. "ಈ ಗಾಡೀನ ಮೈಸೂರು ರೋಡಲ್ಲಿ ನೇರ ತಂದಿದೀರ. ಯಜಮಾನ್ರನ್ನ ಕಳ್ಸಿ, ನಾನು ಹೇಳ್ತೀನಿ."

ಬೇಡ ಅಂದೆ. ಇನ್ನೊಬ್ಬರ ಬಾಯಿಂದ ಬೇಡ. ಬೇರೆ ಅಚ್ಚು, ಹೊಸ ಸ್ಪ್ರಿಂಗ್, ಎರಡು ದಿನದ ಕೆಲಸವಂತೆ. ಮತ್ತೆ ಬರುತ್ತೇನೆ ಎಂದು ಬಂದೆ.

17 ನವೆಂಬರ್. ಕಡೇ ಕಾರ್ತಿಕ ಸೋಮವಾರ

ಮೂರು ದಿನ ಬಾಯಿ ಬರಲಿಲ್ಲ. ಇವತ್ತು ಪೂಜೆ ಮುಗಿಸಿ, ತೀರ್ಥ ಕೊಟ್ಟು, ಹೇಳಿದೆ.

"ಕಾರಿನ ಹಿಂದಿನ ಟೈರು ಒಂದ್ಸಲ ಮುಟ್ಟಿ ನೋಡ್ತೀರಾ?"

ನೋಡಿ ಅನ್ನಲಿಲ್ಲ. ಮುಟ್ಟಿ ಅಂದೆ.

ಇವರು ಹೋಗಿ ಕುಕ್ಕರುಗಾಲಿನಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದರು. ಒಳಗಿನಿಂದ ಹೊರಗೆ ನುಣ್ಣಗೆ ಹೋಯಿತು. ಹೊರಗಿನಿಂದ ಒಳಗೆ ತರುವಾಗ ನಿಂತಿತು. ಗರಗಸದ ಹಾಗೆ ಸವೆದಿದೆ. ಮತ್ತೆ ಆಡಿಸಿದರು. ಎದ್ದು ಆ ಕಡೆ ಹೋದರು, ಟೈರಿಗೂ ತಗಡಿಗೂ ನಡುವೆ ಬೆರಳು ತೂರಿಸಿದರು, ಈ ಕಡೆ ಬಂದರು, ತೂರಿಸಿದರು. ಆಮೇಲೆ ತಗಡಿನ ಒಳ ಅಂಚು. ಬೆರಳು ಒಂದು ಕಡೆ ನಿಂತುಬಿಟ್ಟಿತು. ಪುಟ್ಟಿ.

ಹಾಲಿನವನು ಬಂದು ಹೋದ.

"ಹಿಂದಿನಿಂದ ಗುದ್ದಿದಾರೆ."

"ಹೂಂ."

"ನಿಂಗೆ ಗೊತ್ತಿತ್ತು."

ನಾಯಂಡಹಳ್ಳಿಗೆ ಹೋದದ್ದು ಹೇಳಿದೆ. ಆಂಜನೇಯನ ವಿಷಯವೂ ಹೇಳಿದೆ. ಆಮೇಲೆ, "ಅವತ್ತು ಹೂವಿನಲ್ಲಿ ಮುಚ್ಚಿಹೋಗಿತ್ತು. ನಾನೂ ನೋಡಲಿಲ್ಲ ಅಲ್ವಾ" ಅಂದೆ.

"ನೀನು ನೋಡಲಿಲ್ಲ. ನಂಗೆ ಕಾಣಲಿಲ್ಲ. ಅದು ಬೇರೆ, ಇದು ಬೇರೆ ಕಣೇ."

ಪದ್ಮನಾಭನಿಗೆ ಫೋನ್ ಮಾಡ್ತೀರಾ ಎಂದೆ. "ಏನಂತ ಕೇಳ್ಲಿ? ಗೀರಿಲ್ಲ ಅಂದೋನು ನಾನು." ಕೈ ತೊಳೆದುಕೊಳ್ಳಲು ಹೋದರು. ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು.

19 ನವೆಂಬರ್, ಬುಧವಾರ. ಸಂಜೆ

ನಿನ್ನೆ ಕಾರು ಬಿಟ್ಟು ಬಂದಿದ್ದೆವು. ಇವತ್ತು ಇಬ್ಬರೂ ಮೆಟ್ರೋದಲ್ಲಿ ಹೋದೆವು. ಮೆಟ್ಟಿಲು ಇಳಿಯುವಾಗ ಇವರು ನನ್ನ ಹೆಗಲು ಹಿಡಿದರು. ಮುಂಚೆ ಕಂಬಿ ಹಿಡಿಯುತ್ತಿದ್ದರು.

ಮುರುಗೇಶ್ ಟೇಪು ಹಿಡಿದು ತೋರಿಸಿದ. ಹಿಂದೆ ಎರಡೂ ಕಡೆ ಮೂವತ್ತೆಂಟು. ಸ್ಪ್ರಿಂಗ್ ಎರಡನ್ನೂ ಹೊಸದು ಹಾಕಿದ್ದಾನೆ, ಒಂದು ಹಳೆಯದು ಒಂದು ಹೊಸದಾದರೆ ಮತ್ತೆ ಎತ್ತರ ಬೇರೆಯಾಗುತ್ತದಂತೆ. ಆಮೇಲೆ ಕೀ ತಂದು ಇವರ ಕೈಗೆ ಕೊಟ್ಟ.

"ಸಾರ್, ಬಸ್ ಓಡಿಸ್ದೋರಂತೆ. ಒಂದು ರೌಂಡ್ ನೀವೇ ಹೊಡ್ಕೊಂಡು ಬನ್ನಿ. ನಿಮಗೆ ಗೊತ್ತಾದಷ್ಟು ನಮಗೂ ಗೊತ್ತಾಗಲ್ಲ."

ಇವರು ಕೀ ಹಿಡಿದು ನಿಂತರು. ಹೊರಗೆ ಮೈಸೂರು ರೋಡು.

"ಇಲ್ಲಪ್ಪ ಮುರುಗೇಶ. ನಂಗೆ ಎಡಗಣ್ಣು ಪೂರ್ತಿ ಹೋಗಿದೆ, ಒಂದು ವರ್ಷ ಆಯ್ತು. ಬಲಗಣ್ಣಲ್ಲಿ ನೀನು ನಿಂತಿದೀಯ ಅಂತ ಕಾಣುತ್ತೆ, ಮುಖ ಕಾಣಲ್ಲ."

ಒಂದು ವರ್ಷ. ನನಗೇ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಚಹಾ ಕೊಡುವಾಗ ಲೋಟ ಎಡಗಡೆ ಇಟ್ಟಿದ್ದೆ. ಎಷ್ಟು ಸಲ ಹಾಗೆ ಇಟ್ಟಿರಬಹುದು.

ಮುರುಗೇಶ್ ನೆಲ ನೋಡಿದ. ಇವರು ಕೀ ನನ್ನ ಕಡೆ ಚಾಚಿದರು. ನಾನು ಬಲಗಡೆಗೆ ಬಂದು ತೆಗೆದುಕೊಂಡೆ.

ರಿಂಗ್ ರೋಡು ಖಾಲಿ ಸಿಕ್ಕಿದ ಕಡೆ ಸ್ಟೇರಿಂಗಿನಿಂದ ಬೆರಳು ಸಡಿಲ ಮಾಡಿದೆ. ಒಂದು, ಎರಡು, ಮೂರು... ಹತ್ತರವರೆಗೆ ಎಣಿಸಿದೆ. ಗೆರೆ ಎಳೆದ ಹಾಗೆ ಹೋಯಿತು.

"ಕೈ ಬಿಟ್ಟಿದೀಯಾ?"

"ಹೂಂ. ನಿಮಗೆ ಹೇಗೆ ಗೊತ್ತಾಯ್ತು?"

"ಸೀಟಲ್ಲಿ ಗೊತ್ತಾಗುತ್ತೆ." ಸ್ವಲ್ಪ ದೂರ ಬಂದ ಮೇಲೆ, "ನಿನ್ನ ಕೈ ಸರಿ ಇತ್ತು ಗಂಗಾ. ಮೊದಲಿಂದಾನೂ."

ಬಸವೇಶ್ವರನಗರದ ಸಿಗ್ನಲ್ ಹಸಿರಾಯಿತು, ಗೇರ್ ಹಾಕಿದೆ.

24 ನವೆಂಬರ್, ಸೋಮವಾರ. ಬೆಳಿಗ್ಗೆ 9.10

ನಡುವೆ ಬರೆಯಲಾಗಲಿಲ್ಲ. ಶನಿವಾರ ಕೆಂಗೇರಿಗೆ ಹೋಗಿ ಕೀರ್ತನಾಳನ್ನು ನೋಡಿಕೊಂಡು ಬಂದೆವು. ಅಪ್ಪನ ಕಣ್ಣಿನ ವಿಷಯ ಅಪ್ಪನೇ ಹೇಳಿದರು. ಅತ್ತಳು, ಆಮೇಲೆ ಬೈದಳು, ಆಮೇಲೆ ಊಟ ಬಡಿಸಿದಳು.

ಇವತ್ತು ಹತ್ತು ಗಂಟೆಗೆ ಕಣ್ಣಿನ ಡಾಕ್ಟರು. ಇವರೇ ಫೋನ್ ಮಾಡಿ ಟೈಮ್ ತೆಗೆದುಕೊಂಡದ್ದು. ಎಡಗಣ್ಣಿನ ಆಸೆ ನನಗಿಲ್ಲ. ಬಲಗಣ್ಣು ಉಳಿಸಬಹುದು ಅಂದರೆ ಸಾಕು. ಮಗುವಿನ ಮುಖ ಕಾಣುವಷ್ಟು. ಅದಕ್ಕಿಂತ ಹೆಚ್ಚು ಬೇಡಲಿಲ್ಲ ಇವತ್ತು, ದೀಪದ ಮುಂದೆ. ಡಾಕ್ಟರು ಆಗದು ಅಂದರೆ...

ಹಾರ್ನ್. ಆಗಲೇ ಹೋಗಿ ಕಾರಿನಲ್ಲಿ ಕೂತಿದ್ದಾರೆ. ಪಕ್ಕದ ಸೀಟಿನಿಂದ ಕೈ ಚಾಚಿ ಒತ್ತುತ್ತಿರಬೇಕು. ಡಿಪೋದಲ್ಲಿ ಕಂಡಕ್ಟರನನ್ನು ಕರೆಯಲು ಹಾರ್ನ್ ಹೊಡೆಯುತ್ತಿದ್ದ ಹಾಗೆ, ಎರಡು ಸಣ್ಣದು. ಮತ್ತೆ.

ಹೊರಟೆ. ಬಂದ ಮೇಲೆ ಉಳಿದದ್ದು ಬರೆಯುತ್ತೇನೆ.